ಒಂದು ಸಲವೋ, ಎರಡು ಸಲವೋ

ಕಣ್ಣು ಮುಚ್ಚಿದರೆ ಆ ಬಾರುಕೋಲು ಈಗಲೂ ಕಾಣುತ್ತದೆ. ತುದಿಯಲ್ಲಿ ಕೆಂಪು ಕುಚ್ಚು. ಎರಡು ಸಲ ಮೇಲೆದ್ದು ಎತ್ತಿನ ಬೆನ್ನ ಮೇಲೆ ಬೀಳುತ್ತದೆ. ಅವತ್ತು ಬಾರುಕೋಲು ಗಾಡಿಯಲ್ಲಿ ಇರಲೇ ಇಲ್ಲ.

ಎಪ್ಪತ್ತರ ದಶಕದಲ್ಲಿ ಕಡೂರಿನಿಂದ ಅಜ್ಜಂಪುರಕ್ಕೆ ಸೊಸೆಯಾಗಿ ಬಂದೆ. ಮಾವನವರದು ಕಾಳಿನ ಮಂಡಿ. ಸ್ಟೇಷನ್ನಿಗೆ ಮೂಟೆ ಸಾಗಿಸಲು ಒಂದು ಗಾಡಿ, ಎಮ್ಮೆದೊಡ್ಡಿ ಕಡೆಯಿಂದ ತಂದ ಅಮೃತಮಹಲ್ ಎತ್ತಿನ ಜೋಡಿ. ರೋಷದ ಎತ್ತುಗಳು, ಅವಕ್ಕೆ ಏಟು ಹಾಕಬಾರದೆಂಬುದು ಮನೆಯ ಕಟ್ಟಳೆ. ಬಾರುಕೋಲು ಕೊಟ್ಟಿಗೆಯ ಬಾಗಿಲ ಹಿಂದೆ ಮೊಳೆಯಲ್ಲೇ ಇರುತ್ತಿತ್ತು, ಆಯುಧಪೂಜೆಗೆ ಮಾತ್ರ ಕೆಳಗಿಳಿಯುತ್ತಿತ್ತು. ಗಾಡಿಯವನು ಬರೀ ಮಾತಿನಲ್ಲೇ ಅವುಗಳಿಂದ ಕೆಲಸ ತೆಗೆಯುತ್ತಿದ್ದ. "ಏನಪ್ಪಾ, ಹೆಂಡ್ತಿ ಬಯ್ದ್ಲಾ? ಹಿಂಗ್ ಕಾಲ್ ಎಳೀತೀಯಲ್ಲೋ!" ಎಂದು ಅವನು ಬಲಗಡೆಯದಕ್ಕೆ ಹೇಳಿದರೆ ನಾವು ಹೆಂಗಸರು ಒಳಗೆ ನಗುತ್ತಿದ್ದೆವು.

ಮಾಘ ಮಾಸದ ಒಂದು ಬೆಳಿಗ್ಗೆ ಮಹಡಿಯ ಕಿಟಕಿಯಲ್ಲಿ ನಿಂತು ತಲೆ ಒಣಗಿಸಿಕೊಳ್ಳುತ್ತಿದ್ದೆ. ಸ್ಟೇಷನ್ನಿನ ಕಡೆ ಎಂಜಿನ್ ಕೂಗಿತು. ಮನೆಯ ಮುಂದೆ ಬರುತ್ತಿದ್ದ ಎತ್ತುಗಳು ಬೆದರಿ ಗಾಡಿ ಸಮೇತ ಓಡಿದವು. ರಸ್ತೆ ಬದಿಯಲ್ಲಿ ಕೂತಿದ್ದ ಹೂವಿನಾಕೆಯ ಕಾಲಿನ ಮೇಲೆ ಚಕ್ರ ಹತ್ತಿತು. ಬುಟ್ಟಿ ಉರುಳಿ ಕನಕಾಂಬರವೆಲ್ಲ ಧೂಳಿಗೆ ಚೆಲ್ಲಿತು.

ಮಧ್ಯಾಹ್ನ ಮಾವ ನನ್ನನ್ನು ಪಡಸಾಲೆಗೆ ಕರೆಸಿದರು. ಗಾಡಿಯವನು ಟವೆಲನ್ನು ಕಂಕುಳಲ್ಲಿ ಇರುಕಿಕೊಂಡು ಅಂಗಳದಲ್ಲಿ ನಿಂತಿದ್ದ.

"ಏಟು ಬೀಳ್ದೆ ಎತ್ತು ಹಿಂಗ್ ಓಡಲ್ಲ. ನೀನು ಓದಿದೋಳು, ಸುಳ್ಳಾಡಲ್ಲ. ಹೇಳವ್ವಾ, ಇವನು ಬಾರುಕೋಲು ಬೀಸಿದ್ದು ಒಂದ್ ಸಲವೋ, ಎರಡ್ ಸಲವೋ?"

ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದು ಒಂದೇ ಪಾಠ: ಕೇಳಿದ ಕೂಡಲೇ ಉತ್ತರ ಕೊಡಬೇಕು, ಪ್ರಶ್ನೆಯಲ್ಲಿರುವ ಮಾತನ್ನೇ ತಂದು ವಾಕ್ಯ ಪೂರ್ತಿ ಮಾಡಬೇಕು. ಅರ್ಧಂಬರ್ಧ ಹೇಳಿದರೆ ಬೆರಳಿನ ಗೆಣ್ಣಿಗೆ ಸ್ಕೇಲಿನ ಏಟು.

"ಬಾರುಕೋಲನ್ನು ಎರಡು ಸಲ ಬೀಸಿದ, ಮಾವ."

ಸುಳ್ಳು ಹೇಳುತ್ತಿದ್ದೇನೆಂದು ನನಗೆ ಅನ್ನಿಸಲಿಲ್ಲ. ಮಾತು ಬಾಯಿಂದ ಹೊರಟಂತೆಯೇ ಬಾರುಕೋಲು ಕಣ್ಣಿಗೆ ಬಂತು, ಅದರ ಹಿಂದೆಯೇ ಕೆಂಪು ಕುಚ್ಚೂ ಬಂತು.

"ಅವ್ವಾರೇ, ನನ್ ಕೈಲಿ ಎಲ್ಲಿತ್ತು ಬಾರುಕೋಲು?" ಎಂದ ಅವನು.

"ಹೆಣ್ಮಗಳು ಕಣ್ಣಾರೆ ಕಂಡಿದ್ದು ಸುಳ್ಳೇನೋ ಲೇ?" ಎಂದರು ಮಾವ.

ಗಾಡಿಯವನ ಕೆಲಸ ಹೋಯಿತು. ಆ ಸಂಜೆಯೇ ಕೊಟ್ಟಿಗೆಯ ಗಳುವಿನಿಂದ ತನ್ನ ಕಂಬಳಿ ತೆಗೆದುಕೊಂಡು ಹೊರಟ. ಹೋಗುವಾಗ ಎರಡೂ ಎತ್ತಿನ ಕೊರಳಡಿಯ ಗಂಗೆದೊಗಲು ಸವರಿದ.

ಯುಗಾದಿಗೆ ಕೊಟ್ಟಿಗೆಯ ಜೇಡ ಹೊಡೆಯಲು ಹೋದೆ. ಬಾಗಿಲ ಹಿಂದೆ ಬಾರುಕೋಲು. ಆಯುಧಪೂಜೆಯಲ್ಲಿ ನಾನೇ ಸುತ್ತಿದ್ದ ಅರಿಶಿನದ ದಾರ, ನನ್ನ ಮೂರು ಬೆರಳು ಎಳೆದಿದ್ದ ವಿಭೂತಿಯ ಗೆರೆ ಹಾಗೇ ಇದ್ದವು. ಕೆಂಪು ಕುಚ್ಚಿನಿಂದ ಗೋಡೆಯವರೆಗೆ ಜೇಡ ಬಲೆ ಹೆಣೆದಿತ್ತು. ಎಷ್ಟೋ ತಿಂಗಳಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಕುಚ್ಚನ್ನು ನಾನು ಕಂಡದ್ದು ಪೂಜೆಯ ದಿನ, ರಸ್ತೆಯಲ್ಲಲ್ಲ.

ಕೈ ತೊಳೆಯದೆ ಹೋಗಿ ಮಾವನವರಿಗೆ ಹೇಳಿದೆ. ಅವರು ಮಂಡಿಯ ಲೆಕ್ಕದ ಪುಸ್ತಕ ಮುಚ್ಚಿದರು.

"ಹಂಗಾದ್ರೆ ಅವತ್ತು ನೀನು ಕಂಡಿದ್ದೇನವ್ವಾ?"

ಇದನ್ನೇ ಮೊದಲು ಕೇಳಿದ್ದರೆ ಎಂಜಿನ್ ಕೂಗಿದ್ದು, ಎತ್ತಿನ ಕಿವಿ ನಿಮಿರಿದ್ದು ಹೇಳುತ್ತಿದ್ದೆನೇನೋ. ಅವನು ಎರಡೂ ಕೈಯಲ್ಲಿ ಹಗ್ಗ ಜಗ್ಗುತ್ತಿದ್ದನೇ? ಇರಬಹುದು. ಆದರೆ ಎಷ್ಟು ನೆನೆದರೂ ಮುಂದೆ ಬಂದು ನಿಲ್ಲುವುದು ಬಾರುಕೋಲೇ.

ಮಾವ ಅವನ ಊರಿಗೆ ಹೇಳಿ ಕಳಿಸಿದರು. ಊರು ಬಿಟ್ಟಿದ್ದಾನೆ ಎಂಬ ಉತ್ತರ ಬಂತು. ಹೊಸ ಗಾಡಿಯವರ ಮಾತನ್ನು ಎತ್ತುಗಳು ಕೇಳಲಿಲ್ಲ. ಮುಂಗಾರಿಗೆ ಮುಂಚೆ ಯಾರೋ ದೂರದವರು ಬಂದು ಜೋಡಿಯನ್ನು ಕೊಂಡು ಹೊಡೆದುಕೊಂಡು ಹೋದರು.

ಏಳೆಂಟು ವರ್ಷದ ಮೇಲೆ, ಒಂದು ಮದುವೆಗೆ ಹೋದಾಗ, ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಅವನು ಸಿಕ್ಕಿದ. ತಲೆಗೆ ಸಿಂಬಿ, ಬೆನ್ನು ಬಾಗಿತ್ತು. ಬಸ್ಸಿನ ಮೇಲಿಂದ ಮೂಟೆ ಇಳಿಸುತ್ತಿದ್ದ. ಹತ್ತಿರ ಹೋಗಿ ಹೇಳಿಯೇಬಿಟ್ಟೆ: "ತಪ್ಪಾಯ್ತಪ್ಪಾ. ಬಾರುಕೋಲು ಮೊಳೇಲೇ ಇತ್ತು."

"ನಂಗೊತ್ತಿಲ್ವಾ ಅವ್ವಾರೇ? ಪೂಜೆ ಆದ್ಮೇಲೆ ತಗುಲಾಕಿದ್ದೇ ನಾನು" ಎಂದು ನಕ್ಕ. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಸಿಂಬಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದ: "ಜೋಡಿ ಅದೇ ಕೊಟ್ಟಿಗೇಲೇ ಅವೆ, ಅಲ್ವಾ? ಸಾವ್ಕಾರ್ರು ಮಾರೋರಲ್ಲ ಬಿಡಿ."

ಅವನ ಮುಖ ನೋಡಿದೆ.

"ಹೂಂನಪ್ಪಾ, ಜೋಡಿ ಅದೇ ಕೊಟ್ಟಿಗೇಲೇ ಇದಾವೆ" ಎಂದೆ.

ಮತ್ತೆ ಅದೇ, ಪೂರ್ತಿ ವಾಕ್ಯ. ಆದರೆ ಈ ಸಲ ಮಾತಿನ ಹಿಂದೆ ಎತ್ತುಗಳು ಬರಲಿಲ್ಲ. ಎರಡು ಖಾಲಿ ಗೂಟಗಳು ಕಂಡವು, ಅಷ್ಟೆ.