ಎರಡನೆಯ ಕೂಗು

ಗಾಳಿ ಜೋರಾಗಿದ್ದ ಈ ಬೆಳಿಗ್ಗೆ, ವಿಲಾಯಿತಿಯ ಹ್ಯಾರೋದಲ್ಲಿರುವ ನಮ್ಮ ಮನೆಯ ಮುಂದಿನ ರೀಸೈಕ್ಲಿಂಗ್ ಬಿನ್ನಿನ ಪಕ್ಕ ಬಿದ್ದಿದ್ದ ಹಾಲಿನ ಬಾಟಲಿ ತನ್ನಷ್ಟಕ್ಕೆ ತಾನೇ ‘ಹೂಂ’ ಎಂದಿತು. ನೀವಾಗಿದ್ದರೆ ಅದನ್ನೆತ್ತಿ ಒಳಗೆ ಹಾಕಿ ನಡೆದುಬಿಡುತ್ತಿದ್ದಿರಿ. ನನಗೆ ಮಾತ್ರ ಬೆನ್ನು ತಣ್ಣಗಾಯಿತು. ಇದಕ್ಕೆಲ್ಲ ಗುರುನಾಥ ಕಾಕಾ ಹೊಣೆ.

ಕಾಕಾ ನನ್ನ ಅಪ್ಪನ ತಮ್ಮ, ಗದಗಿನವರು. ಸರ್ಕಾರಿ ಅರಣ್ಯಾಧಿಕಾರಿಯಾಗಿ ಬದುಕಿನ ಬಹುಪಾಲನ್ನು ಥಾರ್ ಮರುಭೂಮಿಯಲ್ಲಿ ಕಳೆದು, ಕೊನೆಯ ವರ್ಷಗಳಲ್ಲಿ ನನ್ನ ಜೊತೆಗಿದ್ದರು. ಮರಳಿನಲ್ಲಿ ಅರಣ್ಯಾಧಿಕಾರಿಗೇನು ಕೆಲಸ? ಜಾಣತನ ತೋರಿಸಲು ಹೋಗಿ ಒಮ್ಮೆ ಕೇಳಿಯೇಬಿಟ್ಟೆ: “ಬರೇ ಖಾಲಿ ಜಾಗ ಅಲ್ಲೇನ್ ಕಾಕಾ?”

“ನಿನ್ನ ತಲೀನೂ ಹೊರಗಿಂದ ನೋಡಿದ್ರ ತುಂಬೇದ ಅಂತ ಅನಸ್ತದ ನೋಡು,” ಎಂದರು.

ನರಿ, ಚಿಂಕಾರ, ಉಡ ಎಲ್ಲ ಅಲ್ಲಿವೆಯೆಂದೂ, ನಮ್ಮ ಬನ್ನಿ ಮರವೇ ಅಲ್ಲಿಯೂ ನೆರಳು ಕೊಡುತ್ತದೆಂದೂ ತಿಳಿದದ್ದು ಅವರಿಂದ. ಈ ಕಥೆಯನ್ನು ಹೇಳಿದ್ದು ಮಾತ್ರ ಒಂದು ಮಂಜಿನ ಮುಂಜಾನೆ, ಚಹಾ ಆರುತ್ತಿದ್ದಾಗ.

ಅವರು ಕಾಯುತ್ತಿದ್ದ ಬೇಲಿಯೊಳಗಿನ ನೆಲ ಎರೆಭೂತಕ್ಕೆಂದೇ ಮೀಸಲು. ಸೊಂಟದೆತ್ತರದ, ನೆಲದ ಮೇಲೇ ಮೊಟ್ಟೆಯಿಡುವ ಹಕ್ಕಿ ಅದು. ಒಂದು ವರ್ಷ, ಆ ಸಲದ ಹಕ್ಕಿ ಎಣಿಕೆಯಲ್ಲೂ ಒಂದೂ ಸಿಗದಿದ್ದರೆ ಬೇಲಿ ಕಿತ್ತು, ವಿದ್ಯುತ್ ತಂತಿ ಎಳೆಯಲು ಜಾಗ ಬಿಟ್ಟುಕೊಡುವುದೆಂದು ಮೇಲಿನಿಂದ ಮಾತು ಬಂದಿತ್ತು. ಎರಡು ದಿನ ಒಂದು ಗರಿಯೂ ಕಾಣಲಿಲ್ಲ. ಮೂರನೆಯ ಬೆಳಗು ದೂಳು ಕವಿದಿತ್ತು. ಎಣಿಸಲು ಬಂದವರು ಜೀಪಿನಲ್ಲಿ ಕೂತಿದ್ದಾಗ, ಕಾಕಾ ಬನ್ನಿ ಮರದ ಹಿಂದೆ ಕುಕ್ಕರಗಾಲಲ್ಲಿ ಕೂತು, ಮಣ್ಣಿನ ಹೂಜಿಯ ಬಾಯಿಗೆ ತುಟಿಯಿಟ್ಟು ಊದಿದರು. ಗಂಡುಹಕ್ಕಿಯ ಕೂಗು ಹಾಗೇ ಇರುತ್ತದಂತೆ. ‘ಗಂಡು, ಒಂದು’ ಎಂದು ಜೀಪಿನವರು ಬರೆದುಕೊಂಡರು.

“ಆಮ್ಯಾಲ?”

“ಆಮ್ಯಾಲ ಹೂಜಿ ಕೆಳಗಿಟ್ಟೆ. ಇಟ್ಟ ಮ್ಯಾಲ ಆ ಕಡಿಂದ ಇನ್ನೊಂದು ಕೂಗು ಬಂತು. ಅವ್ರು ಎರಡು ಅಂತ ತಿದ್ದಿದ್ರು.”

“ಹಕ್ಕಿನ ಇರಬೇಕು ಬಿಡು ಕಾಕಾ.”

“ಹೋಗಿ ನೋಡಿದೆನಲ್ಲೋ. ಉಸುಕು ಹಾಸಿಟ್ಟಂಗಿತ್ತು. ಹಕ್ಕಿ ಹೆಜ್ಜಿನೂ ಇಲ್ಲ, ಮನಷಾರ ಹೆಜ್ಜಿನೂ ಇಲ್ಲ. ನಿಂತಲ್ಲೇ ಮತ್ತ ಕೂಗ್ತು. ನನ್ನ ಕಾಲ ಬುಡಕ.”

ಬೇಲಿ ಉಳಿಯಿತು. ಆದರೆ ಸುಳ್ಳು ಬರೆಸಿದ ಅಧಿಕಾರಿಯಾಗಿ ಸಾಯಲಾರೆನೆಂದು ಕಾಕಾ, ಕಥೆ ಹೇಳಿದ ಆ ಮುಂಜಾನೆಯೇ, ಇಲಾಖೆಗೆ ನನ್ನಿಂದ ಪತ್ರ ಟೈಪ್ ಮಾಡಿಸಿ ಸಹಿ ಹಾಕಿದರು. “ಎರಡರಾಗ ಒಂದು ನಾನು, ಅದೊಂದನ್ನಷ್ಟ ಲೆಕ್ಕದಾಗಿಂದ ಹೊಡದು ಹಾಕ್ರಿ ಅಂತ ಬರಿ. ಇನ್ನೊಂದರ ಮ್ಯಾಲ ನನಗ ಅಧಿಕಾರ ಇಲ್ಲ.”

ನಾನು ಅದನ್ನು ಅಂಚೆಗೆ ಹಾಕಲಿಲ್ಲ. ಓದಿದವರು ನಕ್ಕಾರೆಂಬ ನಾಚಿಕೆ. “ಉತ್ತರ ಬಂತೇನೋ?” ಎಂದು ಅವರು ದಿನವೂ ಕೇಳುವುದು, “ಇನ್ನೂ ಇಲ್ಲ ಕಾಕಾ” ಎಂದು ನಾನು ಹೇಳುವುದು. ನಾನು ಹೀಗೆ ಹೇಳುತ್ತಿರುವಾಗಲೇ, ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು.

ಇವತ್ತು ಪತ್ರ ಹಿಡಿದು ಮೂಲೆಯ ಕೆಂಪು ಅಂಚೆಪೆಟ್ಟಿಗೆಯವರೆಗೆ ಹೋದೆ. ಹಾಕಿದರೆ ಕಾಕಾ ಹಗುರಾಗುತ್ತಾರೆ. ಆದರೆ ಒಂದು ಸುಳ್ಳೆಂದರೆ ಇನ್ನೊಂದನ್ನು ಯಾರು ನಂಬುತ್ತಾರೆ, ಬೇಲಿಯ ಗತಿ ಏನೋ. ಲಕೋಟೆಯ ಅರ್ಧ ಒಳಗೆ ಹೋಗಿತ್ತು. ಹಿಂದಕ್ಕೆ ಎಳೆದುಕೊಂಡೆ. ಬಹಳ ಹೊತ್ತು ಅಲ್ಲೇ ನಿಂತು, ಯಾರಾದರೂ ನೋಡಿದರೆ ಏನೆಂದುಕೊಂಡಾರೋ, ಕಾಲಡಿಯ ಹಾಸುಗಲ್ಲಿಗೆ ಕಿವಿಗೊಟ್ಟೆ. ಇಷ್ಟು ದಿನ ನಾಚಿಕೆಯಿಂದ ಹಾಕಿರಲಿಲ್ಲ. ಇವತ್ತು ಬೇಕೆಂದೇ ಹಾಕಲಿಲ್ಲ. ಇನ್ನು ಆ ಸುಳ್ಳು ನನ್ನದು.