ಮಡಿಲಕ್ಕಿಯ ಗಂಟು ಯಾವ ಬ್ಯಾಗಿಗೆ?

ವಿಮಾನ ನಿಲ್ದಾಣದ ಮೈಕಿನಲ್ಲಿ ತಮ್ಮ ಹೆಸರನ್ನು ಕೂಗುವುದನ್ನು ತಾವು ಎಂದಾದರೂ ಕೇಳಿದ್ದೀರಾ? ನಾನು ಕೇಳಿದೆ. ಹೋದ ತಿಂಗಳು, ಬೆಂಗಳೂರಿನಲ್ಲಿ, ಜೋಧಪುರದ ವಿಮಾನಕ್ಕಾಗಿ ಕಾದು ಕುಳಿತಿದ್ದಾಗ. ಮೊದಲು ಇಂಗ್ಲಿಷಿನಲ್ಲಿ, ತರುವಾಯ ಹಿಂದಿಯಲ್ಲಿ. ಪ್ರಯಾಣಿಕ ನಾಗರಾಜ್ ಅವರು ಕೂಡಲೇ ಗೇಟಿನ ಕೌಂಟರಿಗೆ ಬರತಕ್ಕದ್ದು.

ಪಕ್ಕದಲ್ಲಿದ್ದ ನನ್ನ ಅಕ್ಕ ಗೌರಮ್ಮ ಸೆರಗನ್ನು ಬಿಗಿದುಕೊಂಡಳು. “ನಾ ಯೋಳ್ನಿಲ್ವಾ? ಬಿಚ್ಬುಟ್ಟವ್ರೆ ಕಣ್ಲಾ” ಎಂದಳು.

ಏನನ್ನು ಬಿಚ್ಚಿದ್ದಾರೆಂದು ಅಕ್ಕನ ಗುಮಾನಿ, ಅದರಿಂದ ಆಕೆಗೇಕೆ ಅಷ್ಟು ದಿಗಿಲು ಎಂಬುದನ್ನು ಮಾನ್ಯ ಓದುಗರ ಅವಗಾಹನೆಗೆ ತರುವುದು ಈ ಬರಹದ ಉದ್ದೇಶ. (ಅಂಕಣ ಬರೆಯುತ್ತಿರುವುದು ಇದೇ ಮೊದಲು. ಕಚೇರಿಯ ಪತ್ರಗಳನ್ನು ಬರೆದು ಪಳಗಿದ ಕೈ. ಭಾಷೆ ಬಿಗಿಯೆನಿಸಿದಲ್ಲಿ ಮನ್ನಿಸಬೇಕಾಗಿ ಕೋರಿಕೆ.)

ನಾನು ಶ್ರೀರಂಗಪಟ್ಟಣದ ನಿವಾಸಿ. ಪಾಂಡವಪುರದ ಒಂದು ಕಚೇರಿಯಲ್ಲಿ ಗುಮಾಸ್ತ. ಅಕ್ಕನನ್ನು ಕೊಟ್ಟಿರುವುದು ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಗೆ. ಗದ್ದೆ, ತೆಂಗು, ಹಸುಗಳು. ಆಕೆಯ ಒಬ್ಬಳೇ ಮಗಳು ಸುಮ, ಸೇನೆಯಲ್ಲಿರುವ ಪತಿಯೊಂದಿಗೆ ಜೋಧಪುರದಲ್ಲಿದ್ದಾಳೆ. ಈಗ ಏಳು ತಿಂಗಳ ಬಸುರಿ. ಪ್ರಯಾಣ ಸರ್ವಥಾ ಕೂಡದೆಂದು ವೈದ್ಯರ ತಾಕೀತು. ಕಾರಣ, ಹಿಂದಿನ ಸಲ ಆಕೆಗೆ ಗರ್ಭ ನಿಲ್ಲಲಿಲ್ಲ.

ಆ ಹಿಂದಿನ ಸಲ ಸುಮ ತವರಿಗೆ ಬಂದಿದ್ದಳು. ಗಂಡನ ರಜೆ ದಿಢೀರನೆ ರದ್ದಾಯಿತು, ಅವಸರದಲ್ಲಿ ಹೊರಟುಬಿಟ್ಟರು. ತವರಿನಿಂದ ಹೊರಡುವ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ಅರಿಶಿನದ ಕೊಂಬು, ಬಳೆ ಇಟ್ಟು ಮಡಿಲು ತುಂಬಿ ಕಳುಹಿಸುವುದು ನಮ್ಮಲ್ಲಿ ತಪ್ಪದ ಪದ್ಧತಿ. ಆ ಸಲ ತಪ್ಪಿತು. ಆಮೇಲೆ ಆದದ್ದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲವೆಂದು ವೈದ್ಯರು ಹೇಳಿದರು. ಅಕ್ಕ ನಂಬಲಿಲ್ಲ. (ನಾನು ನಂಬಿದೆನೇ? ಈ ಪ್ರಶ್ನೆಗೆ ಉತ್ತರಿಸದಿರಲು ಅನುಮತಿ ಕೋರುತ್ತೇನೆ.)

ಆದ್ದರಿಂದ ಈ ಬಾರಿ ಮಗಳು ಬರಲಾಗದಿದ್ದರೆ ಮಡಿಲಕ್ಕಿಯೇ ಮಗಳಿದ್ದಲ್ಲಿಗೆ ಹೋಗಬೇಕೆಂದು ತೀರ್ಮಾನವಾಯಿತು. ಹಸುಗಳನ್ನು ಬಿಟ್ಟು ಭಾವ ಬರುವಂತಿಲ್ಲ. ಅಕ್ಕನ ಜೊತೆಗೆ ನಾನು.

ಅಕ್ಕನ ಷರತ್ತುಗಳು ಸ್ಪಷ್ಟವಾಗಿದ್ದವು. ಹೊಸ ಬಟ್ಟೆಯಲ್ಲಿ ಗಂಟು ಕಟ್ಟುವವಳು ತಾಯಿ. ಬಿಚ್ಚುವವಳು ಮಗಳು, ಅದೂ ತನ್ನ ಮಡಿಲಲ್ಲಿ. ನಡುವೆ ಮತ್ತೊಬ್ಬರ ಕೈ ಸೋಕಕೂಡದು. ಬರಿಯ ನೆಲಕ್ಕೆ ಇಡಕೂಡದು.

ಹಾಗಾದರೆ ಅದು ಕೈಬ್ಯಾಗಿಗೋ, ಚೆಕ್-ಇನ್ ಬ್ಯಾಗಿಗೋ?

ಪಕ್ಕದ ಮನೆಯ ಶಿವಣ್ಣ ಒಮ್ಮೆ ಪತ್ನೀಸಮೇತ ವಿಮಾನದಲ್ಲಿ ಕಾಶಿಗೆ ಹೋಗಿ ಬಂದವರು. ನಮ್ಮ ಬೀದಿಗೆ ಈ ವಿಷಯದಲ್ಲಿ ಅವರೇ ಸಕ್ಷಮ ಪ್ರಾಧಿಕಾರ. ಅಕ್ಕ ನಮ್ಮ ಮನೆಗೆ ಬಂದಿದ್ದಾಗ ಜಗುಲಿಯ ಮೇಲೆ ವಿಚಾರಣೆ ನಡೆಯಿತು.

“ಕೈಬ್ಯಾಗಾದ್ರೆ ನಿಮ್ಮೆದುರ‍್ಗೇ ಬಿಚ್ಚುಸ್ತಾರೆ ಕಣವ್ವ” ಎಂದರು ಶಿವಣ್ಣ. “ನಮ್ಮೋಳ್ದು ಎಲೆ ಬುಟ್ರು, ಅಡ್ಕೆ ಬುಟ್ರು, ಅಡ್ಕೆ ಕತ್ರಿ ಕಿತ್ಕಂಡ್ರು. ಕಾಶೀಲಿ ಇದ್ದಷ್ಟ್ ದಿನಾನೂ ಅಡ್ಕೇನ ಹಲ್ಲಲ್ಲೇ ಕಡುದ್ಲು.”

“ಅಂಗಾರೆ ಕೆಳಗಾಕೋ ಬ್ಯಾಗ್ಗೆ ಆಕಿದ್ರೆ?” ಎಂದಳು ಅಕ್ಕ.

“ಅದ್ರ ಕತೆ ನಂಗೊತ್ತಿಲ್ಲ. ಬೆಲ್ಟ್ ಮ್ಯಾಲೆ ಓಯ್ತದೆ, ರಬ್ಬರ್ ಪರದೆ ಒಳಿಕ್ಕೆ ತೂರ್ಕತದೆ. ಆಮ್ಯಾಕೆ ಯಾರ್ ಬಿಚ್ತಾರೋ, ಯಾರ್ ತಡಕ್ತಾರೋ. ನಾವಂತೂ ನೋಡಾಕಾಗಲ್ಲ.”

ಶಿವಣ್ಣನವರ ಈ ಹೇಳಿಕೆಯಲ್ಲಿ ಇಡೀ ಸಮಸ್ಯೆ ಅಡಕವಾಗಿದೆ ಎಂಬುದು ನನ್ನ ವಿನಮ್ರ ಅಭಿಪ್ರಾಯ. ಕೈಬ್ಯಾಗನ್ನು ನಮ್ಮ ಕಣ್ಣೆದುರು ಬಿಚ್ಚುತ್ತಾರೆ. ಕೆಳಗಿನ ಬ್ಯಾಗನ್ನು ನಮ್ಮ ಗೈರುಹಾಜರಿಯಲ್ಲಿ ಬಿಚ್ಚಬಹುದು. ಯಾವುದು ವಾಸಿ? ನೋಡುತ್ತ ನಿಂತು ಏನೂ ಮಾಡಲಾಗದಿರುವುದೋ, ನೋಡದೆಯೇ ಏನೂ ಮಾಡಲಾಗದಿರುವುದೋ?

ನಾನು ಫೋನಿನಲ್ಲಿ ನಿಯಮಗಳನ್ನು ಓದಿದೆ. ಕತ್ತರಿ, ಚಾಕು ಕೈಯಲ್ಲಿ ಇರಕೂಡದು, ಕೆಳಗೆ ಹೋಗಬೇಕು. ಪವರ್ ಬ್ಯಾಂಕ್ ಕೆಳಗೆ ಹೋಗಕೂಡದು, ಕೈಯಲ್ಲೇ ಇರಬೇಕು. ಅಂದರೆ ಕತ್ತರಿ ನಮ್ಮ ಬಳಿ ಇದ್ದರೆ ಅವರಿಗೆ ನಮ್ಮ ಮೇಲೆ ಅನುಮಾನ. ಪವರ್ ಬ್ಯಾಂಕ್ ನಮ್ಮ ಬಳಿ ಇಲ್ಲದಿದ್ದರೆ ಪವರ್ ಬ್ಯಾಂಕಿನ ಮೇಲೆ ಅನುಮಾನ. ತೆಂಗಿನಕಾಯಿ ಕೈಬ್ಯಾಗಿನಲ್ಲಿ ಸಲ್ಲದು. ಇದನ್ನೂ ಓದಿದೆ. ಮಡಿಲಕ್ಕಿಗೆ ಕಾಯಿಯನ್ನೂ ಇಡುವ ರೂಢಿಯಿರುವುದರಿಂದ ಅಕ್ಕನಿಗೆ ತಿಳಿಯಪಡಿಸಿದೆ.

ಅಕ್ಕ ಯೋಚಿಸಿದಳು. ವಿಮಾನದವರಿಗೆ ನೀರೆಂದರೆ ಆಗುವುದಿಲ್ಲ ಎಂಬುದು ನಮ್ಮ ಕಡೆ ಈಗ ಎಲ್ಲರಿಗೂ ಗೊತ್ತಿರುವ ವಿಚಾರ. ಉಪ್ಪಿನಕಾಯಿಯ ರಸ, ತುಪ್ಪ, ಎಣ್ಣೆ, ಎಲ್ಲದಕ್ಕೂ ತಕರಾರು. “ಕಾಯೊಳ್ಗೆ ನೀರೈತೆ ಅಂತ ತಾನೇ ಅವ್ರ ತಂಟೆ? ಕಾಯಿ ಬ್ಯಾಡ ಬುಡು. ಒಣಗಿದ್ ಕೊಬ್ರಿ ಗಿಟುಕೇ ಜಾಸ್ತಿ ಇಡ್ತೀನಿ. ಅದ್ರಾಗೆಲ್ಲೈತೆ ನೀರು?”

ನನಗೆ ಇದು ಕ್ರಮಬದ್ಧವಾಗಿ ಕಂಡಿತು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ಚಿಪ್ಪಿನೊಳಗೆ ಲೊಟಲೊಟ ಅಲ್ಲಾಡುವ ಕೊಬ್ಬರಿಗಿಂತ ನಿರುಪದ್ರವಿ ಪದಾರ್ಥ ನಮ್ಮ ತಾಲ್ಲೂಕುಗಳಲ್ಲಿ ಬೇರೆ ಯಾವುದಿದೆ? ಪಟ್ಟಿಯಲ್ಲಿ ಕೊಬ್ಬರಿಯ ಹೆಸರಿದೆಯೇ ಎಂದು ಹುಡುಕಬೇಕೆಂಬುದೇ ಹೊಳೆಯಲಿಲ್ಲ. ಎಲ್ಲರ ಎದುರು ಬಿಚ್ಚಿಸಿಕೊಳ್ಳುವುದು ಬೇಡವೆಂದು ಗಂಟನ್ನು ಚೆಕ್-ಇನ್ ಬ್ಯಾಗಿಗೇ ಇಟ್ಟು, ನಂಬರ್ ಲಾಕ್ ಹಾಕಿ ಹೊರಟೆವು.

ನಿಲ್ದಾಣದಲ್ಲಿ ಬ್ಯಾಗು ರಬ್ಬರ್ ಪರದೆಯೊಳಗೆ ಮರೆಯಾಗುವವರೆಗೆ ಅಕ್ಕ ಅದರ ಮೇಲಿನ ಕಣ್ಣು ತೆಗೆಯಲಿಲ್ಲ. ಭದ್ರತಾ ತಪಾಸಣೆಯಲ್ಲಿ ಮಹಿಳಾ ಸಿಬ್ಬಂದಿ ಆಕೆಯ ಬಳೆ, ಸೆರಗು, ಸೊಂಟವನ್ನೆಲ್ಲ ಪರೀಕ್ಷಿಸಿದರು. ಹೊರಗೆ ಬಂದವಳೇ ನನ್ನ ಕಿವಿಯಲ್ಲಿ, “ಎದ್ರಿಗೇ ಇಷ್ಟ್ ತಡಕ್ದೋರು, ಮರೇಲಿ ಬುಟ್ಟಾರ‍್ಲಾ?” ಎಂದಳು.

ಅದಾದ ಮೇಲೆಯೇ ಮೈಕಿನಲ್ಲಿ ನನ್ನ ಹೆಸರು ಬಂದದ್ದು.

ಕೌಂಟರಿನಲ್ಲಿ ವಿಮಾನ ಸಂಸ್ಥೆಯ ಒಬ್ಬ ಯುವತಿ ಇದ್ದಳು. ನನ್ನ ಬೋರ್ಡಿಂಗ್ ಪಾಸ್ ನೋಡಿ ಇಂಗ್ಲಿಷಿನಲ್ಲಿ, ನಿಮ್ಮ ಚೆಕ್-ಇನ್ ಬ್ಯಾಗಿನಲ್ಲಿ ಒಣ ಕೊಬ್ಬರಿ ಇದೆಯೇ ಎಂದು ಕೇಳಿದಳು. ಇದೆ, ಮಡಿಲಕ್ಕಿಯದು ಎಂದೆ. ಹುಡುಗಿ ತಲೆಯೆತ್ತಿದಳು. ಇಂಗ್ಲಿಷ್ ಅಲ್ಲಿಗೇ ನಿಂತಿತು.

“ಮಡ್ಲಕ್ಕಿನಾ? ಯಾವೂರು ಸಾರ್ ನಿಮ್ದು?”

“ಕಿಕ್ಕೇರಿ” ಎಂದಳು ಅಕ್ಕ, ನನ್ನ ಹಿಂದಿನಿಂದ.

“ನಮ್ದು ನಾಗಮಂಗಲ ಕಣಮ್ಮ.”

ಸೀಮೆಯವರು ಸಿಕ್ಕರೆಂದು ನನಗೆ ಸಮಾಧಾನವಾಯಿತು. ಅಕ್ಕನ ಅನುಮಾನ ಹೆಚ್ಚಾಯಿತು. “ನಾಗಮಂಗ್ಲದಲ್ಲಿ ಯಾರ ಪೈಕಿ ನೀನು?”

“ಅದೆಲ್ಲಾ ಇನ್ನೊಂದಿನ ಯೋಳ್ತೀನಮ್ಮ, ಬೋರ್ಡಿಂಗ್ ಶುರುವಾಯ್ತದೆ. ಕೊಬ್ರಿನ ಯಾವ ಬ್ಯಾಗಲ್ಲೂ ಬಿಡಲ್ಲ. ಮ್ಯಾಲೂ ಇಲ್ಲ, ಕೆಳಗೂ ಇಲ್ಲ. ಅದ್ರಲ್ಲಿ ಎಣ್ಣೆ ಐತಲ್ಲ, ಬೆಂಕಿ ಇಡ್ಕಂಡ್ರೆ ಕಷ್ಟ. ಲಾಕ್ ನಂಬರ್ ಕೊಟ್ಟು ಒಪ್ಪಿಗೆ ಅಂದ್ರೆ, ಬಿಚ್ಚಿ ಅದೊಂದು ತೆಗ್ದು ಕಳುಸ್ತಾರೆ. ಇಲ್ಲಾಂದ್ರೆ ಬ್ಯಾಗು ಇಲ್ಲೇ ಉಳ್ಕತದೆ.”

ಅಕ್ಕನ ಮನೆಯ ಗೃಹಪ್ರವೇಶದ ಹೋಮಕ್ಕೆ ಕೊಬ್ಬರಿ ಗಿಟುಕು ತಂದುಕೊಟ್ಟವನು ನಾನು. ತುಪ್ಪ ತುಂಬಿ ಕುಂಡಕ್ಕೆ ಹಾಕಿದಾಗ ಉರಿ ಆಳೆತ್ತರ ಎದ್ದದ್ದನ್ನು ಕೈಮುಗಿದು ನೋಡಿದವನೂ ನಾನೇ. ಕೊಬ್ಬರಿ ಹೇಗೆ ಉರಿಯುತ್ತದೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ನೀರಿನ ಗುಮಾನಿಯಲ್ಲಿ ಬೆಂಕಿಯನ್ನೇ ಮರೆತೆವು.

“ನಾನೇ ಬಂದು ಬಿಚ್ಚಿ ಕೊಡ್ತೀನಿ. ಎಲ್ಲೈತೆ, ನಡಿ” ಎಂದಳು ಅಕ್ಕ.

“ಈಗ ನಿಮ್ಮನ್ನ ಅಲ್ಲಿಗೆ ಕರ‍್ಕಂಡೋಗೋಷ್ಟು ಟೈಮಿಲ್ಲ ಕಣಮ್ಮ.”

“ಅಂಗಾರೆ ನೀನೇ ಓಗಿ ಬಿಚ್ಚವ್ವ.”

“ನಾನು ಗೇಟ್ ಬುಟ್ಟು ಓಗಂಗಿಲ್ಲ. ಅಲ್ಲಿ ಬೇರೆಯವ್ರು ಇರ‍್ತಾರೆ.”

“ಎಂಗ್ಸೋ, ಗಂಡ್ಸೋ?”

ಮಡಿಲಕ್ಕಿ ಮುತ್ತೈದೆಯರ ಕೈಯ ಕೆಲಸ. ಗಂಡಸರು ಅದರ ಹತ್ತಿರ ಸುಳಿಯುವುದಿಲ್ಲ. ಹುಡುಗಿಗೆ ಪ್ರಶ್ನೆ ಅರ್ಥವಾಯಿತು. ಹೆಂಗಸೆಂದು ಒಂದು ಸುಳ್ಳು ಹೇಳಿದ್ದರೆ ಪ್ರಕರಣ ಅಲ್ಲಿಗೆ ಮುಕ್ತಾಯವಾಗುತ್ತಿತ್ತು. “ನಂಗೊತ್ತಿಲ್ಲಮ್ಮ” ಎಂದಳು.

ಅಕ್ಕ ನನ್ನ ಮುಖ ನೋಡಿದಳು. ಬ್ಯಾಗು ಉಳಿದರೆ ಮಗಳ ಮಡಿಲು ಈ ಸಲವೂ ಬರಿದು. ಬ್ಯಾಗು ಬಂದರೆ ಗುರುತಿಲ್ಲದ ಕೈ ಬಿಚ್ಚಿದ ಗಂಟು. ನಮ್ಮ ಹಿಂದಿನ ಸಾಲಿನಲ್ಲಿ ಯಾರೋ ಗೊಣಗತೊಡಗಿದರು.

“ಯೋಳ್ಲಾ ನಂಬರ” ಎಂದಳು ಅಕ್ಕ ಕೊನೆಗೆ. ಹೇಳಿದೆ. ಹುಡುಗಿ ಅದನ್ನು ಫೋನಿನಲ್ಲಿ ಬೇರೆ ಯಾರಿಗೋ ಹೇಳಿದಳು.

“ಗಂಟ ನೆಲಕ್ಕೆ ಇಡ್ಬ್ಯಾಡಿ ಅಂತಾನೂ ಯೋಳು ಮಗ.”

ಹುಡುಗಿ ಹಿಂದಿಯಲ್ಲಿ ಅದನ್ನೂ ಹೇಳಿದಳು. ಆ ಕಡೆಯಿಂದ ಏನು ಉತ್ತರ ಬಂತೋ ತಿಳಿಯದು. ನಮ್ಮತ್ತ ತಲೆಯಾಡಿಸಿದಳು. ತಲೆಯಾಡಿಸಿದ್ದನ್ನು ಯಾವ ಕಡತದಲ್ಲಿ ಸೇರಿಸುವುದು?

ವಿಮಾನ ಮೇಲೇರಿದ ಮೇಲೆ ಅಕ್ಕ ಕಿಟಕಿಯ ಕಡೆ ತಿರುಗಲೇ ಇಲ್ಲ. ಕಾಲ ಕೆಳಗಿನ ಕಾರ್ಪೆಟ್ಟನ್ನೇ ನೋಡುತ್ತಿದ್ದಳು. ಬ್ಯಾಗು ಅದರ ಕೆಳಗೆಲ್ಲೋ ಇರಬೇಕು. ಇದೆಯೋ ಇಲ್ಲವೋ?

ನಾನೂ ಸುಮ್ಮನಿರಲಿಲ್ಲ. ಮನಸ್ಸಿನಲ್ಲೇ ಅನುಮಾನಗಳ ಟಿಪ್ಪಣಿ ಸಿದ್ಧವಾಗುತ್ತಿತ್ತು. ತೆಗೆದ ಕೊಬ್ಬರಿಯನ್ನು ಏನು ಮಾಡುತ್ತಾರೆ? ಕೊಬ್ಬರಿಯನ್ನು ಮಾತ್ರ ತೆಗೆದರೆಂಬುದಕ್ಕೆ ಸಾಕ್ಷಿ ಯಾರು? ಲಾಕಿನ ನಂಬರನ್ನು ಒಂದೇ ನಿಮಿಷದಲ್ಲಿ ಒದರಿಬಿಟ್ಟವನಿಗೆ ಲಾಕ್ ಯಾತಕ್ಕೆ? (ಮೊಬೈಲ್ ರಿಪೇರಿಗೆ ಕೊಡುವಾಗ ನಾವೆಲ್ಲ ಪಾಸ್‌ವರ್ಡನ್ನೂ ಹೇಳಿ ಬರುತ್ತೇವೆ. ಹೊರಗೆ ಬಂದ ಮೇಲೆ ಅಂಗಡಿಯತ್ತ ತಿರುಗಿ ತಿರುಗಿ ನೋಡುತ್ತೇವೆ. ಇದು ನನ್ನೊಬ್ಬನ ಅನುಭವವಲ್ಲವೆಂದು ಭಾವಿಸಿದ್ದೇನೆ.)

ಜೋಧಪುರದಲ್ಲಿ ಬ್ಯಾಗು ಬಂತು. ಲಾಕ್ ಹಾಕಿಯೇ ಇತ್ತು. ಅಕ್ಕ ಅದನ್ನು ಟ್ರಾಲಿಯ ಮೇಲಿರಿಸಿ, ಅಲ್ಲೇ ಜಿಪ್ ಎಳೆದಳು. ಸೀರೆಗಳ ನಡುವೆ ಗಂಟು ಗಂಟಾಗಿಯೇ ಇತ್ತು.

“ಇದು ನನ್ ಗಂಟಲ್ಲ ಕಣ್ಲಾ.”

ಅಕ್ಕ ಕಟ್ಟುವುದು ಹಸು ಕಟ್ಟುವ ಕೈಯಲ್ಲಿ, ಜಗ್ಗಿ ಎಳೆದು, ತುದಿಗಳನ್ನು ಮೇಲಕ್ಕೆ ಬಿಟ್ಟು. ಇದರಲ್ಲಿ ಎರಡು ಪುಟ್ಟ ಗಂಟುಗಳಿದ್ದವು. ತುದಿಗಳನ್ನು ಮಡಚಿ ಒಳಗೆ ಸೇರಿಸಿದ್ದರು. ಬಟ್ಟೆಯ ಮೇಲೆ ಒಂದು ಕಲೆಯೂ ಇರಲಿಲ್ಲ. ಅಕ್ಕ ಹೊರಗಿನಿಂದಲೇ ಮುಟ್ಟಿ ನೋಡಿದಳು. ಅಕ್ಕಿ ಇತ್ತು. ಬೆಲ್ಲದ ಅಚ್ಚು ಇತ್ತು. ಅಲ್ಲಾಡಿಸಿದರೆ ಬಳೆಯ ಸದ್ದು ಬಂತು. ಕೊಬ್ಬರಿ ಇರಲಿಲ್ಲ.

“ಇಷ್ಟು ನೀಟಾಗಿ ಕಟ್ಟವ್ರೆ ಅಂದ್ರೆ ಏನೋ ಐತೆ” ಎಂದಳು. ಒರಟಾಗಿ ಕಟ್ಟಿದ್ದರೂ ಇದೇ ಮಾತನ್ನು ಹೇಳುತ್ತಿದ್ದಳೆಂಬುದು ನನ್ನ ಗುಮಾನಿ.

ಮನೆಯಲ್ಲಿ ಸುಮ ಬಾಗಿಲಲ್ಲೇ ಕಾದಿದ್ದಳು. ಮುಖ ಗುಂಡಗಾಗಿತ್ತು. ಅಕ್ಕ ಮಗಳನ್ನು ತಬ್ಬಿಕೊಂಡಳು. ಗಂಟನ್ನು ಮಾತ್ರ ಮಂಚದ ಮೇಲೆ ಇಟ್ಟು, ಅದಕ್ಕೆ ಬೆನ್ನು ಮಾಡಿ ಕುಳಿತಳು. ಸಂಜೆಗೆ ಅಳಿಯ ಪೇಟೆಯಿಂದ ಕೊಬ್ಬರಿ ತಂದುಕೊಟ್ಟರು. ಕರ್ನಾಟಕದಿಂದ ಲಾರಿಯಲ್ಲಿ ಬರುವ ಮಾಲು ಎಂದು ಅಂಗಡಿಯವನು ಹೇಳಿದನಂತೆ. ಅಕ್ಕ ಮೂಸಿ ನೋಡಿ, “ನಮ್ ಕಡೇದೇ ಇರ‍್ಬೋದು” ಎಂದಳು. ಅಷ್ಟಕ್ಕೇ ಬಿಡದೆ, ಅಕ್ಕಿ ಬೆಲ್ಲವನ್ನೂ ಅದೇ ಅಂಗಡಿಯಿಂದ ತರಿಸಿ ಬೇರೆ ಗಂಟು ಕಟ್ಟುವುದಾಗಿ ಪ್ರಕಟಿಸಿದಳು. ಮಂಚದ ಮೇಲಿನದನ್ನು ಹಕ್ಕಿಗೆ ಹಾಕಿದರಾಯಿತು.

“ಅಲ್ಲಾ ಕಣವ್ವ” ಎಂದಳು ಸುಮ. “ಅಂಗ್ಡಿ ಅಕ್ಕೀನ ಯಾರ‍್ಯಾರ್ ಮುಟ್ಟವ್ರೋ ನೀ ಕಂಡಿದ್ದೀಯಾ? ಇದು ನಮ್ಮ ಗದ್ದೇದು.”

“ಯಾರೋ ಬಿಚ್ಚವ್ರೆ ಕಣೇ ಅದ. ಎಂಥಾ ಮನ್ಸಿಂದ ಬಿಚ್ಚುದ್ರೋ. ಓದ್ಸಲ ಆಗಿದ್ದು ಸಾಲ್ದಾ?”

ಯಾರೂ ಬಾಯಿಗೆ ತರದಿದ್ದ ಮಾತು ಅಲ್ಲಿಗೆ ಹೊರಗೆ ಬಂತು. ಸುಮ ಬಸುರಿನ ಭಾರ ಹೊತ್ತು ನಿಧಾನವಾಗಿ ಚಾಪೆಯ ಮೇಲೆ ಕುಳಿತಳು. ಸೆರಗು ಹಾಸಿದಳು.

“ಓದ್ಸಲ ಇದೂ ಇರ‍್ನಿಲ್ಲ. ಅವ್ರು ಬಿಚ್ಚಿ ಅಂಗೇ ಬ್ಯಾಗೊಳಿಕ್ಕೆ ಸುರುದ್ಬುಟ್ಟಿದ್ರೆ ಏನ್ ಮಾಡ್ತಿದ್ದೆ? ಕಟ್ಟಿ ಕಳ್ಸವ್ರೆ ತಾನೇ. ಕೊಡಿಲ್ಲಿ.”

ಅಕ್ಕ ಕೂಡಲೇ ಕೊಡಲಿಲ್ಲ. ಗಂಟನ್ನು ಎತ್ತಿಕೊಂಡು, ಆ ಎರಡು ಪುಟ್ಟ ಗಂಟುಗಳನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದಳು, ಒತ್ತಿದರೆ ಕಟ್ಟಿದವರು ಯಾರೆಂದು ತಿಳಿದೀತೆಂಬಂತೆ. ಕೊನೆಗೆ ಮಗಳ ಮಡಿಲಿಗೆ ಇಟ್ಟಳು. ಸುಮ ಬಿಚ್ಚಿದಳು. ಅಕ್ಕ ಅಕ್ಕಿಯ ಮೊದಲ ಹಿಡಿಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ, ಮೂಸಿ, ಮತ್ತೊಮ್ಮೆ ಪರೀಕ್ಷಿಸಿ, ಸೆರಗಿಗೆ ಹಾಕಿದಳು. ಎರಡನೆಯದನ್ನು ನೋಡಿದಳು, ಮೂಸಲಿಲ್ಲ. ಆಮೇಲಿನವನ್ನು ನೋಡಲೂ ಇಲ್ಲ. ನಾನು ಪದ್ಧತಿಯಂತೆ ಹೊರಗಿನ ಕೋಣೆಗೆ ಸರಿದೆ.

ಊರಿಗೆ ಮರಳಿದ ಮೇಲೆ ನಿಯಮಗಳನ್ನು ಮೊದಲಿನಿಂದ ಮತ್ತೊಮ್ಮೆ ಓದಿದ್ದೇನೆ. ಕೊಬ್ಬರಿಯ ಹೆಸರು ಅಲ್ಲಿದೆ. ನಾನು ನೋಡಿರಲಿಲ್ಲ, ಅಷ್ಟೇ. ಅನುಮಾನ ಬಂದರೆ ಬ್ಯಾಗು ಬಿಚ್ಚುವ ಅಧಿಕಾರ ಅವರಿಗಿದೆ. ಸಲ್ಲದ್ದನ್ನು ತೆಗೆಯುವ ಅಧಿಕಾರವೂ ಇದೆ. ಇವೆಲ್ಲ ಸರಿ. ನನ್ನ ಅನುಮಾನ ಒಂದೇ ಒಂದು ಉಳಿದಿದೆ, ಬಲ್ಲವರು ದಯಮಾಡಿ ಪರಿಹರಿಸಬೇಕು.

ಬಿಚ್ಚಿದ ಗಂಟನ್ನು ಮತ್ತೆ ಕಟ್ಟತಕ್ಕದ್ದು ಎಂದು ಯಾವ ನಿಯಮದಲ್ಲಿದೆ?