ಎದ್ದು ಹೋದ ಮೇಲೆ ಏರುವ ಅಂಕಿ

ನನ್ನ ಅಮ್ಮನಿಗೆ ಇಬ್ಬರು ತಮ್ಮಂದಿರು. ದೊಡ್ಡ ಮಾವನನ್ನು ನಾವು ಮಕ್ಕಳೆಲ್ಲ ‘ವ್ಯಾಟ್ ಮಾವ’ ಎಂದೇ ಕರೆಯುತ್ತಿದ್ದೆವು. ಎದುರಿಗಲ್ಲ, ಆದರೆ ಅವರಿಗೆ ಗೊತ್ತಿಲ್ಲದ ವಿಷಯವೂ ಅಲ್ಲ. ಅವರ ಮನೆಯಲ್ಲಿ ಯಾರಾದರೂ ಕೋಣೆಯಿಂದ ಹೊರಗೆ ಕಾಲಿಟ್ಟರೆ ಹಿಂದೆಯೇ ದೀಪ ಆರುತ್ತಿತ್ತು. ಒಮ್ಮೆ ಅತ್ತೆ ಬಚ್ಚಲಮನೆಯಲ್ಲಿ ಇರುವಾಗಲೇ ಆರಿಸಿ ಚೆನ್ನಾಗಿ ಬೈಸಿಕೊಂಡಿದ್ದರು.

“ನಾನು ಜಿಪುಣ ಅಲ್ಲ ಕಣೇ. ಯಾರಿಗೂ ಬೇಡದೆ ಸುಮ್ಮನೆ ಉರಿಯೋದನ್ನ ನೋಡೋಕಾಗಲ್ಲ, ಅಷ್ಟೆ,” ಎನ್ನುತ್ತಿದ್ದರು.

ಅವರ ಕಸುಬು ಲಿಫ್ಟ್ ರಿಪೇರಿ. ಕಟ್ಟಡದ ನೆತ್ತಿಯ ಮೇಲಿನ ಬಿಸಿ ಕೋಣೆಯಲ್ಲಿ ಮೋಟಾರಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿ ನಿಂತರೆಂದರೆ, ಒಳಗೆ ಯಾವುದು ಮುನಿಸಿಕೊಂಡಿದೆಯೆಂದು ಹೇಳಿಬಿಡುತ್ತಿದ್ದರು. ಆ ಕೈಯನ್ನು ನಂಬಿ ಊರಿನ ಅರ್ಧ ಜನ ಮೇಲೆ ಕೆಳಗೆ ಓಡಾಡುತ್ತಿದ್ದರು. ಮಾವನೂ ಅದನ್ನೇ ನಂಬಿ ಬದುಕಿದ್ದರು.

ಅಂಥವರು ಹಗಲೂ ರಾತ್ರಿ ಆರಿಸದ ಕಂಪ್ಯೂಟರ್ ಕೊಳ್ಳುತ್ತೇನೆ ಎಂದಾಗ ನಾವೆಲ್ಲ ಮೂಗಿನ ಮೇಲೆ ಬೆರಳಿಟ್ಟೆವು. ಮನೆಯವರ ಫೋಟೋ, ವಿಡಿಯೋ, ಅಜ್ಜಿಯ ದನಿ, ಎಲ್ಲ ಒಂದೇ ಕಡೆ ಇರಬೇಕು, ಯಾರು ಯಾವಾಗ ಬೇಕಾದರೂ ಫೋನಿನಿಂದಲೇ ತೆಗೆದು ನೋಡಬೇಕು ಎಂಬುದು ಅವರ ಆಸೆ. “ನಮ್ಮನೆ ಸಾಮಾನನ್ನ ಕಂಡವರ ಗೋಡೌನಲ್ಲಿ ಯಾಕೆ ಇಡಬೇಕು? ಮನೇಲಿದ್ರೆ ಭಯ ಇಲ್ಲ,” ಎಂದರು. ಈ ಮಾತು ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ.

ಬಿಡಿಭಾಗಗಳನ್ನು ಆರಿಸಲು ಅವರು ಕೆಳಬೀದಿಯ ಕಂಪ್ಯೂಟರ್ ಅಂಗಡಿಯಕ್ಕನ ತಲೆ ತಿಂದರು. ಪ್ರೊಸೆಸರ್ ಓಡುವಾಗ ಎಷ್ಟು ಕರೆಂಟ್ ತಿನ್ನುತ್ತದೆ ಎನ್ನುವುದಕ್ಕಿಂತ ಸುಮ್ಮನೆ ಕೂತಾಗ ಎಷ್ಟು ತಿನ್ನುತ್ತದೆ ಎನ್ನುವುದೇ ಅವರ ಪ್ರಶ್ನೆ. ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ. ದಿನದ ಕೆಲಸಕ್ಕೆ ಒಂದು ಚಿಕ್ಕ ಎಸ್‌ಎಸ್‌ಡಿ, ಫೋಟೋಗಳಿಗೆ ಬೇಕಾದಾಗ ಮಾತ್ರ ಏಳುವ ದೊಡ್ಡ ಡಿಸ್ಕ್, ನಿಧಾನಕ್ಕೆ ತಿರುಗುವ ಒಂದೇ ಫ್ಯಾನು. ಅಂಗಡಿಯಕ್ಕ ದೊಡ್ಡ ಪವರ್ ಸಪ್ಲೈ ಮುಂದಿಟ್ಟಾಗ ಹಿಂದಕ್ಕೆ ತಳ್ಳಿದರು.

“ನಾಲ್ಕು ಜನ ಹತ್ತೋ ಲಿಫ್ಟಿಗೆ ಇಪ್ಪತ್ತು ಜನರ ಮೋಟಾರ್ ಯಾಕಮ್ಮ? ಚಿಕ್ಕದು ಕೊಡಿ, ಆದ್ರೆ ಒಳ್ಳೇದು ಕೊಡಿ.”

“ಯಜಮಾನ್ರೇ, ನೀವು ಇದಕ್ಕೆ ನೋಡಿದಷ್ಟು ನೋಡಿದ್ರೆ ಮನೆಗೆ ಸೊಸೇನೇ ತರಬಹುದಿತ್ತು,” ಎಂದು ಆಕೆ ನಕ್ಕರು.

ಜೋಡಿಸಿದ್ದು ಮಾವನೇ. ಒಳಗಿನ ತಂತ್ರಾಂಶ ಹಾಕಿಕೊಟ್ಟದ್ದು ಮಹಡಿಯ ಮೇಲೆ ವಾಸವಿದ್ದ ಚಿಕ್ಕ ಮಾವ. ಅವನು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನು. (ಅವನಿಗೆ ಬಹುವಚನ ಕೊಡುವುದನ್ನು ನಾನು ಬಿಟ್ಟಿದ್ದೇನೆ, ಯಾಕೆಂದು ಮುಂದೆ ತಿಳಿಯುತ್ತದೆ.) ಯಂತ್ರವನ್ನು ನಡುಮನೆಯ ಮೂಲೆಯಲ್ಲಿಟ್ಟು, ಗೋಡೆಯ ಪ್ಲಗ್ಗಿಗೆ ವಿದ್ಯುತ್ ಅಳೆಯುವ ಪುಟ್ಟ ಮೀಟರ್ ಸಿಕ್ಕಿಸಿದರು. ಹದಿನೈದು ವ್ಯಾಟ್ ತೋರಿಸಿತು. ಮಾವ ಕೂಸು ನಕ್ಕಿತೆಂಬಂತೆ ಎಲ್ಲರನ್ನೂ ಕರೆದು ತೋರಿಸಿದರು.

ತಿಂಗಳು ಕಳೆಯುವಷ್ಟರಲ್ಲಿ ಅಂಕಿ ಏರಿತು. ಮಾವ ನೀರು ಕುಡಿಯಲು ಎದ್ದು ಅದರ ಪಕ್ಕ ಹಾದು ಹೋಗುವಾಗ ಐವತ್ತರ ಮೇಲಿರುತ್ತಿತ್ತು. ಏನಾಯಿತೆಂದು ಕುರ್ಚಿ ಎಳೆದು ಕೂತು ಮೌಸ್ ಮುಟ್ಟಿದರೆ ಮತ್ತೆ ಹದಿನೈದು. ಅತ್ತೆಯನ್ನು ಕರೆದು ತೋರಿಸಿದರೂ ಹದಿನೈದೇ. ಎದ್ದು ಹೋದರೆ ಮತ್ತೆ ಏರುತ್ತಿತ್ತು.

“ಡಾಕ್ಟರ್ ಬಂದ ತಕ್ಷಣ ಎದ್ದು ಕೂರೋ ರೋಗಿ ಥರ,” ಎಂದು ಮೊದಮೊದಲು ಮಾವನೇ ತಮಾಷೆ ಮಾಡಿದರು. ಆಮೇಲೆ ತಮಾಷೆ ನಿಂತಿತು. ಎಲ್ಲ ಬಿಚ್ಚಿ ಮತ್ತೆ ಜೋಡಿಸಿದರು. ಮೀಟರ್ ಬದಲಿಸಿದರು. ಹಳೇ ಪವರ್ ಸಪ್ಲೈಯನ್ನು ಹೊಸದೆಂದು ತಲೆಗೆ ಕಟ್ಟಿದ್ದೀರಿ ಎಂದು ಗಿರಾಕಿಗಳ ಎದುರೇ ಅಂಗಡಿಯಕ್ಕನ ಮೇಲೆ ಕೂಗಾಡಿದರು. ಆಕೆ ಬೇರೆಯದು ತೆಗೆದುಕೊಟ್ಟರು. ಅದರಲ್ಲೂ ಅದೇ ಕಥೆ.

ಇಷ್ಟೂ ದಿನ ಚಿಕ್ಕ ಮಾವ ಪಕ್ಕದಲ್ಲೇ ಇದ್ದ. ಟಾರ್ಚ್ ಹಿಡಿದ, ಸ್ಕ್ರೂ ಎತ್ತಿಕೊಟ್ಟ. “ನೀನು ಆರಿಸಿದ ಪ್ರೊಸೆಸರೇ ಸರಿಯಿಲ್ಲವೇನೋ ಅಣ್ಣ,” ಎಂದ. ಇನ್ನೊಂದು ದಿನ, “ವಯಸ್ಸಾಯ್ತಲ್ಲ, ಒಂದ್ಸಲ ಕಣ್ಣು ತೋರಿಸ್ಕೊಂಡು ಬಾ,” ಎಂದ.

ಮಾವ ಕಣ್ಣು ತೋರಿಸಿಕೊಂಡು ಬಂದರು. ಕಣ್ಣು ಸರಿಯಾಗಿತ್ತು. ಹಾಗಾದರೆ ಕೆಟ್ಟಿರುವುದು ತನ್ನ ತಲೆಯೇ ಎಂದುಕೊಂಡರು.

ಆ ಅನುಮಾನ ಮನೆಯೊಳಗೇ ಉಳಿದಿದ್ದರೆ ಚೆನ್ನಾಗಿತ್ತು, ಉಳಿಯಲಿಲ್ಲ. ಒಂದು ವಸತಿ ಕಟ್ಟಡದಲ್ಲಿ ಲಿಫ್ಟಿನ ಬ್ರೇಕ್ ಸರಿಯಿದೆಯೆಂದು ಹೇಳಿ ಕೆಳಗಿಳಿದ ಮಾವ ಮತ್ತೆ ಹತ್ತಿ ನೋಡಿದರು. ಇಳಿದು, ಬಾಗಿಲವರೆಗೆ ಹೋಗಿ, ಮತ್ತೆ ಹತ್ತಿದರು. ಕೈಚೀಲ ಹೊತ್ತು ಮೆಟ್ಟಿಲೇರುತ್ತಿದ್ದ ಜನ ಬೈದರು. ಮಾವ ಆ ಲಿಫ್ಟನ್ನು ಚಾಲೂ ಮಾಡಲೇ ಇಲ್ಲ. ಬೇರೆ ಮೆಕ್ಯಾನಿಕ್ಕನ್ನು ಕರೆಸಿ ಎಂದು ಹೇಳಿ ಬಂದುಬಿಟ್ಟರು. ಬಂದ ಮೆಕ್ಯಾನಿಕ್ಕಿಗೆ ಏನೂ ದೋಷ ಕಾಣಲಿಲ್ಲವಂತೆ.

“ಮನೇಲಿರೋ ಒಂದು ಡಬ್ಬ ಅರ್ಥ ಆಗ್ತಿಲ್ಲ ನನಗೆ. ಜನರ ಜೀವ ನೇತಾಡೋ ಹಗ್ಗಕ್ಕೆ ಇನ್ನು ನಾನು ಕೈ ಹಾಕಬಾರದು,” ಎಂದು ಅತ್ತೆಗೆ ಹೇಳಿ ಅದೇ ವಾರ ಕೆಲಸ ಬಿಟ್ಟರು. ಸಲಕರಣೆಯ ಪೆಟ್ಟಿಗೆ ತರಲು ತಮ್ಮನನ್ನು ಜೊತೆಗೆ ಕರೆದುಕೊಂಡು ಹೋದರು. ಆ ಭಾರದ ಪೆಟ್ಟಿಗೆಯನ್ನು ಮನೆಯವರೆಗೂ ಹೊತ್ತು ತಂದವನು ಚಿಕ್ಕ ಮಾವನೇ. ದಾರಿಯುದ್ದಕ್ಕೂ ಅಣ್ಣನಿಗೆ ಸಮಾಧಾನ ಹೇಳಿದನಂತೆ.

ಆಮೇಲೆ ದೊಡ್ಡ ಮಾವನಿಗೆ ಕಂಪ್ಯೂಟರ್ ಕಣ್ಣಿಗೆ ಬಿದ್ದರೆ ಆಗುತ್ತಿರಲಿಲ್ಲ. ಒಂದು ಬೆಳಿಗ್ಗೆ ನನ್ನನ್ನು ಜೊತೆಗೆ ಕರೆದುಕೊಂಡು ಅದನ್ನು ಅಂಗಡಿಯಕ್ಕನ ಮುಂದಿಟ್ಟರು. “ಫೋಟೋ ಎಲ್ಲ ಬೇರೆ ಡಿಸ್ಕಿಗೆ ಹಾಕಿಕೊಟ್ಟು ಇದನ್ನ ಯಾರಿಗಾದ್ರೂ ಕೊಟ್ಟುಬಿಡಿ. ಅವತ್ತು ಬಾಯಿಗೆ ಬಂದಂಗೆ ಮಾತಾಡಿದೆ, ತಪ್ಪಾಯ್ತು,” ಎಂದರು.

ಅಂಗಡಿಯಕ್ಕ ಅವರ ಮುಖ ನೋಡಿ, ಅವರ ಡಿಸ್ಕುಗಳನ್ನು ಬಿಚ್ಚಿ ತಮ್ಮದೊಂದನ್ನು ಸಿಕ್ಕಿಸಿ ಯಂತ್ರವನ್ನು ಮೀಟರಿಗೆ ಜೋಡಿಸಿ ಹಾಗೇ ಓಡಲು ಬಿಟ್ಟರು. ನಾವು ಎದ್ದು ಹೋಗಿ ಕಾಫಿ ಕುಡಿದು ಬಂದೆವು. ಹದಿನೈದೇ ಇತ್ತು. ಅವರ ಡಿಸ್ಕುಗಳನ್ನು ಮತ್ತೆ ಹಾಕಿ ದೂರದಲ್ಲಿ ನಿಂತು ನೋಡಿದೆವು. ಸ್ವಲ್ಪ ಹೊತ್ತಿಗೆ ಐವತ್ತು ದಾಟಿತು.

“ನೀವು ಆರಿಸಿದ್ರಲ್ಲಿ ಏನೂ ತಪ್ಪಿಲ್ಲ ಯಜಮಾನ್ರೇ. ಒಳಗೆ ಬೇರೆ ಏನೋ ಓಡ್ತಿದೆ.”

ಹುಡುಕಿದಾಗ ಸಿಕ್ಕಿತು. ಮನೆಯವರು ಮುಟ್ಟದಿರುವ ಹೊತ್ತಿನಲ್ಲಿ ಯಂತ್ರವನ್ನು ಇಂಟರ್ನೆಟ್ ಮೂಲಕ ಗುರುತಿಲ್ಲದವರಿಗೆ ಭಾರೀ ಲೆಕ್ಕ ಮಾಡಿಸಲು ಬಾಡಿಗೆ ಕೊಡುವ ತಂತ್ರಾಂಶ ಅದು. ಯಾರಾದರೂ ಬಂದು ಮೌಸ್ ಮುಟ್ಟಿದರೆ ತಟ್ಟನೆ ಸುಮ್ಮನಾಗುತ್ತದೆ. ಬಾಡಿಗೆ ಹೋಗುತ್ತಿದ್ದ ಖಾತೆ ಚಿಕ್ಕ ಮಾವನ ಹೆಸರಲ್ಲಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಮಾವ ಎದ್ದು ಅಂಗಡಿಯಿಂದ ಹೊರಟರು. ಮನೆಗೆ ಬಂದು ಮಹಡಿ ಹತ್ತಿದರು. ನಾನೂ ಹಿಂದೆಯೇ ಹೋದೆ. ಚಿಕ್ಕ ಮಾವ ಅಂಗಿಗೆ ಇಸ್ತ್ರಿ ಮಾಡುತ್ತಿದ್ದ. ಅಂಗಡಿಯಲ್ಲಿ ಸಿಕ್ಕಿದ್ದನ್ನು ಮಾವ ಹೇಳಿದ ಕೂಡಲೇ ಅವನು ಮೊದಲು ಹೇಳಿದ್ದು, “ಕರೆಂಟ್ ಬಿಲ್ ನಾನು ಕೊಟ್ಬಿಡ್ತೀನಿ ಅಣ್ಣ, ಬಿಡು.”

ನನಗೆ ಆ ಇಸ್ತ್ರಿಪೆಟ್ಟಿಗೆಯನ್ನೇ ಎತ್ತಿ ಅವನ ಕಾಲಿನ ಮೇಲೆ ಹಾಕಬೇಕೆನ್ನಿಸಿತು.

“ಬಿಲ್ ಕೇಳೋಕೆ ಬಂದಿಲ್ಲ ಕಣೋ. ಬಾಯಿಬಿಟ್ಟು ಕೇಳಿದ್ರೆ ನಾನೇ ಹಾಕ್ಕೋ ಅಂತಿದ್ದೆ,” ಎಂದರು ಮಾವ. ದನಿ ಏರಿಸಲಿಲ್ಲ. “ನನ್ನ ತಲೆ ಕೆಟ್ಟಿದೆ ಅಂತ ನಾನೇ ನಂಬಿದೆ. ನೀನು ಪಕ್ಕದಲ್ಲಿ ಟಾರ್ಚ್ ಹಿಡ್ಕೊಂಡು ಹೌದು ಹೌದು ಅಂದೆ. ಹೋಗಲಿ. ಆ ಪೆಟ್ಟಿಗೆ ಹೊತ್ಕೊಂಡು ಅಷ್ಟು ದೂರ ಬಂದೆಯಲ್ಲ, ಆಗಲಾದ್ರೂ ಒಂದು ಮಾತು ಹೇಳಬಹುದಿತ್ತಲ್ಲ?”

ಚಿಕ್ಕ ಮಾವ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದ.

“ಹೇಳೋಣ ಅಂತಾನೇ ಇದ್ದೆ ಅಣ್ಣ,” ಎಂದ. “ಆದ್ರೆ ಅಷ್ಟರಲ್ಲಿ ನೀನು ಕೆಲಸ ಬಿಟ್ಟಾಗಿತ್ತಲ್ಲ. ಇನ್ನು ಹೇಳಿ ಏನು ಪ್ರಯೋಜನ ಅಂದ್ಕೊಂಡೆ.”